ನೀರು ಕೋಡು

ಭಾನುವಾರ, 12 ಜನವರಿ 2025, ಡೊಂಬಿವಲಿ

ನಿದ್ದೆ ಬರುತ್ತಿಲ್ಲ, ಶ್ರೀಪ್ರಿಯಾಳ ದನಿಯೇ ಕಿವಿಯಲ್ಲಿದೆ. ಇಲ್ಲಿನ ಕನ್ನಡ ಸಂಘದಲ್ಲಿ ಮಕ್ಕಳಿಗೆ ನಾನು ಕಲಿಸುವ ಕನ್ನಡ ಕ್ಲಾಸಿನಲ್ಲಿ ಅವಳು ಬಾಯಿ ಬಿಟ್ಟವಳೇ ಅಲ್ಲ. ತಪ್ಪಾಡಿದರೆ ಉಳಿದ ಮಕ್ಕಳು ನಗುತ್ತಾರೆಂಬ ಹೆದರಿಕೆ. ಹೀಗೇ ಆದರೆ ಕ್ಲಾಸು ಬಿಡಿಸುತ್ತೇನೆ ಎಂದು ಅವಳ ಅಮ್ಮ ಹೇಳಿಬಿಟ್ಟಿದ್ದರು. ಹತ್ತನೆಗೇ ಶಾಲೆ ಬಿಟ್ಟ ನನಗೆ ಬೇರೆ ಉಪಾಯ ತಿಳಿಯದೆ, ಮಾತಾಡಿದ್ದನ್ನು ಬರೆದು ತೋರಿಸುವ ಫೋನನ್ನೇ ಇವತ್ತು ಅವಳ ಕೈಗಿಟ್ಟೆ.

"ಸರ್, ಯೇ ಹಂಸೇಗಾ ಕ್ಯಾ?" ಇದೂ ನಗುತ್ತದಾ ಎಂದು ಹಿಂದಿಯಲ್ಲೇ ಕೇಳಿದಳು.

"ಇದಕ್ಕೆ ನಗ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ನೀರು ಕೇಳು ನೋಡುವ."

"ನೀರು ಕೋಡು" ಅಂದಳು. ಫೋನ್ ಹಾಗೆಯೇ ಬರೆಯಿತು. ಕೋಡು ಅಂದರೆ ಎಮ್ಮೆಯ ತಲೆಯ ಮೇಲಿರುವುದು ಎಂದೆ. ಅವಳೇ ಮೊದಲು ನಕ್ಕಳು. ಆಮೇಲೆ ಮೂಲೆಗೆ ಹೋಗಿ, ಪರದೆಯಲ್ಲಿ "ಕೊಡು" ಮೂಡುವವರೆಗೂ ಹೇಳುತ್ತಲೇ ಇದ್ದಳು. ನನಗಿಲ್ಲದ ತಾಳ್ಮೆ ಆ ಯಂತ್ರಕ್ಕಿತ್ತು.

ಫೋನ್ ಮರಳಿಸಿ, ಎಲ್ಲರೆದುರು ನನ್ನ ಮುಖ ನೋಡಿ, "ಸರ್, ನೀರು ಕೊಡಿ" ಅಂದಳು.

ದೊಡ್ಡವರಿಗೆ ಕೊಡಿ ಅನ್ನಬೇಕೆಂದು ಫೋನೂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಅವಳೊಳಗೆ ಎಲ್ಲಿ ಕೂತಿತ್ತೋ ಅದು. ಬಾಟಲಿ ನನ್ನ ಕೈಯಲ್ಲೇ ಇತ್ತು, ಕೊಡುವುದನ್ನೂ ಮರೆತು ಅವಳನ್ನೇ ನೋಡುತ್ತ ನಿಂತುಬಿಟ್ಟೆ.