ಓಡುವವರನ್ನು ಹಿಡಿಯುವ ಫೋಟೋಗ್ರಾಫರ್

ಅಡುಗೆಮನೆಯ ಮೇಜು,
ಬುಧವಾರ, ಊಟವಾದ ಮೇಲೆ

ಪ್ರೀತಿಯ ಯಜಮಾನರಿಗೆ,

ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ನಿನ್ನೆ ಸಂಜೆ ಟೀ ಕುಡಿಯುವ ಹೊತ್ತಿಗೆ ಈ ಮನೆಯ ಸರ್ಕಾರ ಬಿದ್ದುಹೋಗಿದೆ. ರಕ್ತಪಾತವೇನೂ ಆಗಿಲ್ಲ, ಒಂದು ಕಪ್ಪಿನ ಹಿಡಿ ಮುರಿದಿದೆ, ಅಷ್ಟೆ. ಮಗಳ ಮದುವೆಗೆ ಎರಡನೇ ಫೋಟೋಗ್ರಾಫರ್ ಬೇಕೋ ಬೇಡವೋ ಎಂಬ ಮಸೂದೆಯ ಮೇಲೆ ಬಿದ್ದದ್ದು. ಹೊಸ ಸರ್ಕಾರ ನಾನೇ. ವಿರೋಧಪಕ್ಷದಲ್ಲಿ ನಿಮ್ಮ ಅಕ್ಕ ಇದ್ದಾರೆ. ತಾವು ದೂರದಲ್ಲಿ ಸೇತುವೆ ಕಟ್ಟಿಸುತ್ತ ಕೂತಿರುವುದರಿಂದ ತಮ್ಮ ಮತವನ್ನು ಅಸಿಂಧು ಎಂದು ಪರಿಗಣಿಸಲಾಗಿದೆ.

ಅದಿರಲಿ, ಮೊದಲು ನಿಮ್ಮ ಆರೋಗ್ಯ ಹೇಗಿದೆ ಹೇಳಿ. ಮೊಣಕಾಲು ನೋವು ಇಳಿಯಿತೇ? ಎಡಗಣ್ಣಿಗೆ ಮಲಗುವ ಮುಂಚೆ ಹನಿ ಹಾಕಿಕೊಳ್ಳುತ್ತಿದ್ದೀರಾ, ಇಲ್ಲಾ ಸೀಸೆಯನ್ನು ಕಿಟಕಿಯಲ್ಲಿ ಅಲಂಕಾರಕ್ಕೆ ಇಟ್ಟಿದ್ದೀರಾ? ಆ ಕಣ್ಣು ಪೂರ್ತಿ ಮುಚ್ಚುವುದಿಲ್ಲ ಎನ್ನುವುದು ನಿಮಗೆ ಮರೆತರೂ ಸಿಮೆಂಟಿನ ಧೂಳಿಗೆ ಮರೆಯುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಲ್ಲಿ ಮಾತ್ರ ಸೋರುತ್ತಿದೆ, ಅದೂ ನಿಮ್ಮನ್ನೇ ಕಾಯುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಗದ ತಲುಪಿತು. “ಎರಡನೇ ಫೋಟೋಗ್ರಾಫರ್ ಯಾಕೆ, ನಾನೇ ಇದ್ದೀನಲ್ಲ. ನನ್ನ ಕ್ಯಾಮೆರಾ ತರ್ತೀನಿ. ಸ್ಟೇಜ್ ಮೇಲೆ ನನ್ನ ಕುರ್ಚೀಲಿ ನಿಮ್ಮಣ್ಣನ್ನ ಕೂರಿಸು” ಎಂದು ಬರೆದಿದ್ದೀರಿ. ಓದಿ ಬಹಳ ಸಂತೋಷವಾಯಿತು. ಮಗಳಿಗೆ ಅಪ್ಪ ಇದ್ದೂ ಮಾವನನ್ನು ಬಾಡಿಗೆಗೆ ತರುವ ಐಡಿಯಾ ಜಗತ್ತಿನಲ್ಲಿ ಇನ್ಯಾರಿಗೂ ಹೊಳೆದಿರಲಾರದು. ನಿಮ್ಮ ಅಕ್ಕನಿಗೂ ಕಾಗದ ಓದಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ತಮ್ಮ ಹೇಳಿದ್ದೇ ಸರಿ. ಒಂದು ಮದುವೆಗೆ ಒಬ್ಬ ಗಂಡು, ಒಬ್ಬ ಫೋಟೋಗ್ರಾಫರು. ಎರಡೆರಡು ಇಟ್ಕೊಂಡ್ರೆ ನೋಡಿದೋರು ಏನಂದ್ಕೋತಾರೆ?” ಎಂದರು. ಗಂಡಿನ ವಿಷಯದಲ್ಲಿ ಬದಲಾವಣೆ ಇಲ್ಲ ಅತ್ತಿಗೆ, ಅವನು ಒಬ್ಬನೇ ಎಂದು ಸಮಾಧಾನ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಇಷ್ಟಕ್ಕೆಲ್ಲ ಮೂಲ ಬೀರುವಿನ ಮೇಲಿನ ಆ ತಗಡಿನ ಪೆಟ್ಟಿಗೆ. ಮದುವೆ ಹಾಲ್‌ನ ಬಾಗಿಲಲ್ಲಿ ಹುಡುಗಿ ಅಪ್ಪನ ಜೊತೆ ಇರುವ ಒಂದು ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ ನಿಲ್ಲಿಸಬೇಕು ಎಂದು ನಿಮ್ಮ ಮಗಳಿಗೆ ಆಸೆಯಾಯಿತು. ಹದಿನೈದು ದಿನದ ಹಿಂದಿನ ಭಾನುವಾರ ಪೆಟ್ಟಿಗೆ ಇಳಿಸಿ ಇಡೀ ನಡುಮನೆಯಲ್ಲಿ ಹರಡಿಕೊಂಡಳು. ಕಾಲಿಡಲು ಜಾಗವಿಲ್ಲದಂತೆ ಬರೀ ಅವಳೇ. ಸೈಕಲ್ ಮೇಲೆ ಅವಳು, ಬಕೆಟ್ಟಿನಲ್ಲಿ ಅವಳು, ಮುಂದಿನ ಎರಡು ಹಲ್ಲಿಲ್ಲದ ಅವಳು, ಪರೀಕ್ಷೆ ಪಾಸಾದ ಅವಳು. ಅಲ್ಲಲ್ಲಿ ನಾನು, ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡು. ನೀವೆಲ್ಲಿ? ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಬೇಕು ಅಂತ ಯಾರೋ ಹೇಳಿಕೊಟ್ಟಿದ್ದನ್ನು ನೀವು ವೇದವಾಕ್ಯ ಮಾಡಿಕೊಂಡಿರಿ ನೋಡಿ, ಅದರಿಂದ ಪ್ರತಿಯೊಂದು ಫೋಟೋದಲ್ಲೂ ಕೆಳಗಡೆಯಿಂದ ನಿಮ್ಮ ನೆರಳು ಎದ್ದುಬಂದಿದೆ. ಉದ್ದನೆಯ ಕಾಲು, ಎರಡು ಮೊಣಕೈ, ಮೇಲೊಂದು ಟೋಪಿ. ಒಂದರಲ್ಲಿ ನಿಮ್ಮ ಹೆಬ್ಬೆರಳೂ ಬಂದಿದೆ, ಅದೇ ಇದ್ದುದರಲ್ಲಿ ಸ್ಪಷ್ಟವಾದ ಭಾವಚಿತ್ರ. ಮಗಳು ನಗುತ್ತಲೇ ಒಂದೊಂದಾಗಿ ಎತ್ತಿಡುತ್ತಿದ್ದಳು. ಆಮೇಲೆ ನಗು ನಿಂತಿತು. ನಾನು ಒಲೆ ನೋಡುವ ನೆಪದಲ್ಲಿ ಎದ್ದು ಹೋದೆ.

ಮರುದಿನವೇ ನಿಮಗೆ ಕಾಗದ ಬರೆದು ಎರಡನೇ ಫೋಟೋಗ್ರಾಫರ್ ವಿಷಯ ಎತ್ತಿದೆ. ನಿನ್ನೆ ಸುದ್ದಿ ಹೇಗೋ ಸ್ಟುಡಿಯೋಗೆ ಮುಟ್ಟಿ, ಮೊದಲನೇ ಫೋಟೋಗ್ರಾಫರ್, ನಮ್ಮ ‘ಗಲ್ಲ-ಮೇಲೆ’ ಅವರು ಖುದ್ದಾಗಿ ಆಗಮಿಸಿದರು. (ಸತ್ತವರಿಗೂ ಗಲ್ಲ ಸ್ವಲ್ಪ ಮೇಲೆ ಎನ್ನುವ ಆ ಮನುಷ್ಯನಿಗೆ ನೀವೇ ಇಟ್ಟ ಹೆಸರು, ನೆನಪಿದೆಯಲ್ಲ?) ಸೋಫಾದ ತುದಿಯಲ್ಲಿ ಕೂತು, ಅವಮಾನಿತ ಅರಸನ ಗತ್ತಿನಲ್ಲಿ ಟೀ ಕುಡಿದರು. ಊರಿನ ಅರ್ಧ ಜನಕ್ಕೆ ತಾವೇ ಮದುವೆ ಮಾಡಿಸಿದಂತೆ ಮಾತಾಡಿದರು. ಆಮೇಲೆ ದನಿ ತಗ್ಗಿಸಿ, “ನನಗೆ ಗೊತ್ತಮ್ಮ, ಯಜಮಾನರ ಚಿಂತೆ ತಾನೇ? ಬಿಟ್ಬಿಡಿ. ಬಲಗಡೆಯಿಂದಾನೇ ತೆಗೀತೀನಿ. ಆಗ್ಲಿಲ್ಲಾಂದ್ರೆ ಆಮೇಲೆ ಕಂಪ್ಯೂಟರಲ್ಲಿ ಬಾಯಿ ನೇರ ಮಾಡಿ ಕೂರಿಸ್ತೀನಿ. ನಿಮಗೇ ಗುರುತು ಸಿಗಲ್ಲ” ಎಂದರು.

ಕಪ್ಪಿನ ಹಿಡಿ ಮುರಿದದ್ದು ಆಗ. ಕಪ್ಪು ನನ್ನ ಕೈಯಲ್ಲಿತ್ತು.

ನೋಡಿ, ಇಷ್ಟು ವರ್ಷ ನಾನು ಈ ಮಾತು ಎತ್ತಿರಲಿಲ್ಲ, ಇನ್ನು ಎತ್ತದೆ ಬಿಡುವವಳೂ ಅಲ್ಲ. ಮಗಳು ಇನ್ನೂ ಸ್ಕೂಲಿಗೆ ಸೇರಿರದ ಕಾಲದಲ್ಲಿ ಒಂದು ಬೆಳಿಗ್ಗೆ ನಿಮ್ಮ ಮುಖದ ಎಡಭಾಗ ಯಾವ ಮುನ್ಸೂಚನೆಯೂ ಕೊಡದೆ ಮುಷ್ಕರ ಹೂಡಿತು. ಡಾಕ್ಟರು ಬರುತ್ತೆ ಬರುತ್ತೆ ಅಂದರು. ಬಂತು ಕೂಡ, ಕಣ್ಣಿನ ರೆಪ್ಪೆ ಅರ್ಧ, ಬಾಯಿಯ ಅಂಚು ಮಾತ್ರ ಕೆಲಸಕ್ಕೆ ವಾಪಸಾಗಲಿಲ್ಲ. ನಮಗ್ಯಾರಿಗೂ ಅದೊಂದು ದೊಡ್ಡ ವಿಷಯವಾಗಿರಲಿಲ್ಲ. ಆಮೇಲೆ ನೀವು ಕೆಲಸದ ಗುರುತಿನ ಚೀಟಿಗೆ ಫೋಟೋ ತೆಗೆಸಲು ಹೋದಿರಿ. ಈ ಮಹಾನುಭಾವರು “ಗಲ್ಲ ಮೇಲೆ. ಬಾಯಿ ನೇರ. ಇನ್ನೂ ನೇರ ಸಾರ್, ಇನ್ನೂ ನೇರ” ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರ ಕೆಲಸವೇ ಜಗತ್ತನ್ನು ನೇರ ಮಾಡುವುದು. ನೀವು ಮನೆಗೆ ಬಂದು ಎಂದಿನಂತೆ ಊಟ ಮಾಡಿದಿರಿ. ಅದಾದ ಸ್ವಲ್ಪ ದಿನಕ್ಕೆ ಕ್ಯಾಮೆರಾ ಕೊಂಡು ತಂದಿರಿ. ಊರೆಲ್ಲ ಇದೇನೋ ಹೊಸ ಹವ್ಯಾಸ ಅಂದುಕೊಂಡಿತು. ಅಡಗಿಕೊಳ್ಳಲು ಕ್ಯಾಮೆರಾದ ಹಿಂಭಾಗದಷ್ಟು ಪ್ರಶಸ್ತವಾದ ಜಾಗ ಇನ್ನೊಂದಿಲ್ಲ. ಅಲ್ಲಿ ನಿಂತವನನ್ನು ಯಾಕಪ್ಪಾ ಅಲ್ಲಿ ನಿಂತಿದ್ದೀಯ ಅಂತ ಯಾರೂ ಕೇಳುವುದಿಲ್ಲ.

ಆದ್ದರಿಂದ ಹೊಸ ಸರ್ಕಾರದ ಮೊದಲ ಆಜ್ಞೆ: ಗಲ್ಲ-ಮೇಲೆ ಅವರು ಸ್ಟೇಜು, ಹಾರ, ಬೀಗರು, ಬೀಗರ ಬೀಗರು, ಎಲ್ಲರನ್ನೂ ನೇರ ಮಾಡಿಕೊಂಡು ಸುಖವಾಗಿರಲಿ. ಎರಡನೇ ಫೋಟೋಗ್ರಾಫರನ್ನು ಇಂದು ಬೆಳಿಗ್ಗೆ ನೇಮಿಸಿ ಆಗಿದೆ. ಅಭಿಪ್ರಾಯ ಕೇಳುತ್ತಿಲ್ಲ, ಸುದ್ದಿ ತಿಳಿಸುತ್ತಿದ್ದೇನೆ. ಅವಳು ಮದುವೆ ಫೋಟೋ ತೆಗೆಯುವವಳೇ ಅಲ್ಲ. ಪೇಪರಿಗೆ ಫುಟ್‌ಬಾಲ್ ಪಂದ್ಯಗಳ ಫೋಟೋ ತೆಗೆಯುವವಳು. ಮಂಡಿಯ ಹತ್ತಿರ ಮಣ್ಣಾದ ಪ್ಯಾಂಟಿನಲ್ಲೇ ಬಂದಳು, ಕೂರಿ ಅಂದರೆ ಕೂರಲಿಲ್ಲ. “ಗೋಲ್ ಹೊಡೆದೋನನ್ನ ಎಲ್ರೂ ತೆಗೀತಾರೆ ಆಂಟಿ. ನಾನು ಆ ಹೊತ್ತಲ್ಲಿ ಗೋಲ್‌ಕೀಪರ್ ಕಡೆ ತಿರುಗ್ತೀನಿ” ಎಂದಳು. ನನಗೆ ಅಷ್ಟೇ ಸಾಕಾಯಿತು. ನಿಮ್ಮ ವಿಷಯ ಹೇಳಿದೆ. “ಓಡೋರನ್ನ ಹಿಡಿಯೋದೇ ನನ್ನ ಕೆಲಸ. ನಿಮ್ಮೋರು ಎಷ್ಟು ಜೋರಾಗಿ ಓಡ್ತಾರೆ?” ಎಂದು ಕೇಳಿದಳು. ಬಸ್ಸಿಗೆ ಓಡಿದ್ದನ್ನು ನಾನು ನೋಡಿಲ್ಲ, ಕ್ಯಾಮೆರಾ ಕಂಡರೆ ಮಾತ್ರ ಚಿಗರೆ ಎಂದೆ. ಅವಳ ಕೆಲಸ ಒಂದೇ, ನೀವು. ನೀವು ಕಂಬದ ಹಿಂದೆ ನಿಂತರೆ ಅವಳು ಕಂಬದ ಹಿಂದೆ. ಊಟದ ಸಾಲಿಗೆ ಹೋದರೆ ಅಲ್ಲಿ. ಎಡಗಡೆಯಿಂದಲೇ ತೆಗೆಯಲು ಹೇಳಿದ್ದೇನೆ, ಬೇಕೆಂದೇ. ಆ ಸೊಟ್ಟ ನಗುವನ್ನು ದಿನಾ ಎದುರಿಗೆ ಕೂರಿಸಿಕೊಂಡು ಊಟ ಮಾಡಿದವಳು ನಾನು. ಅದನ್ನು ಯಾರೂ ತಿದ್ದಬೇಕಾಗಿಲ್ಲ.

ನಿಮ್ಮ ಅಕ್ಕ ಇದೆಲ್ಲವನ್ನೂ ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ಹುಡುಗಿ ಹೋದ ಮೇಲೆ ಈಚೆ ಬಂದು, “ಹಾಗಿದ್ರೆ ನಂದೂ ಒಂದೆರಡು ತೆಗೀಲಿ. ಕನ್ನಡಕ ತೆಗೆದಿಟ್ಟು ಬರ್ತೀನಿ” ಎಂದರು. ಹೀಗೆ ವಿರೋಧಪಕ್ಷವೂ ಸಂಪುಟ ಸೇರಿದೆ.

ಕುರ್ಚಿಗೆ ನಿಮ್ಮ ಹೆಸರನ್ನೇ ಬರೆಸಿದ್ದೇನೆ. ನನ್ನಣ್ಣನಿಗೆ ಮೊದಲ ಸಾಲು. ಅಲ್ಲಿನ ನಿಮ್ಮ ಜೊತೆಗಾರರಿಗೆಲ್ಲ ನಮ್ಮ ನಮಸ್ಕಾರ ಹೇಳಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಕಣ್ಣಿಗೆ ಹನಿ ಹಾಕಿಕೊಳ್ಳಿ.

ಇತಿ,
ಈ ಸಲ ಮಾತು ಕೇಳದಿರಲು ತೀರ್ಮಾನಿಸಿರುವ
ನಿಮ್ಮವಳು

ತಾ.ಕ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಫೋಟೋಗ್ರಾಫರ್ ವಿಷಯ ನನ್ನ ತಲೆಯಿಂದ ಬಂದದ್ದಲ್ಲ. ಆ ಭಾನುವಾರ ಒಲೆ ನೋಡಿ ವಾಪಸ್ ಬಂದಾಗ ಮಗಳು ಆ ಬಕೆಟ್ಟಿನ ಫೋಟೋ ಹಿಡಿದು ಕೂತಿದ್ದಳು. “ಅಮ್ಮಾ, ಇಲ್ಲಿ ನಾನು ಯಾರನ್ನ ನೋಡಿ ಇಷ್ಟು ನಗ್ತಿದ್ದೀನೋ ಅವರ ಫೋಟೋ ಒಂದೂ ಇಲ್ವಲ್ಲ” ಅಂದಳು. ನಿನ್ನೆ ಗಲ್ಲ-ಮೇಲೆ ಅವರಿಗೂ ಅವಳೇ ಉತ್ತರ ಕೊಟ್ಟಳು: “ನೇರ ಮಾಡಿದ ಅಪ್ಪ ಬೇಡ ಅಂಕಲ್, ಅವರು ಯಾರೋ ನನಗೆ ಗೊತ್ತಿಲ್ಲ.” ಮದುವೆ ಹಾಲ್‌ನ ಬಾಗಿಲಲ್ಲಿ ಫೋಟೋದ ಚೌಕಟ್ಟನ್ನು ಖಾಲಿಯಾಗಿಯೇ ನಿಲ್ಲಿಸುತ್ತಾಳಂತೆ, ಅವತ್ತಿನ ನಿಮ್ಮ ಫೋಟೋ ಬರುವವರೆಗೆ. ಆದ್ದರಿಂದ ಒಂದು ಸಣ್ಣ ಉಪಕಾರ ಮಾಡಿ. ಕ್ಯಾಮೆರಾವನ್ನು ಅಲ್ಲೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬನ್ನಿ. ಮತ್ತೆ ಆ ಹಳೇ ಚಪ್ಪಲಿ ಬೇಡ, ಹಿಮ್ಮಡಿ ಕಚ್ಚುತ್ತೆ ಅಂತ ಮಂಚದ ಕೆಳಗೆ ತಳ್ಳಿದ್ದೀರಲ್ಲ, ಆ ಕಪ್ಪು ಷೂ ತನ್ನಿ. ಅದು ಹಾಕಿಕೊಂಡರೆ ನಿಮಗೆ ಓಡಲಾಗುವುದಿಲ್ಲ.