ಬರ್ಮಾದ ಬಾವಿಯಲ್ಲಿ ಭಾವನ ಪಾಲು

ಭಾವ,

ಒಂದೇ ಮನೆಯಲ್ಲಿ ಉಂಡು ಒಂದೇ ಬಸ್ಸಿನಲ್ಲಿ ದುಡಿದವರು ನಾವು. ನಿಮ್ಮ ಹೆಂಡತಿಯ ತಮ್ಮನಾದ ನಾನು ನಿಮಗೆ ಎದುರು ಮಾತಾಡಿದ್ದೇ ಹೆಚ್ಚು, ಕಾಗದ ಬರೆದದ್ದು ಒಮ್ಮೆಯೂ ಇಲ್ಲ. ಈಗ ಬರೆಯದೆ ವಿಧಿಯಿಲ್ಲ.

ಚಿಕ್ಕಪೇಟೆಯಿಂದ ನೀವು ಆ ಪೆಟ್ರೋಲ್ ಎಣ್ಣೆ ತೆಗೆಯುವ ಕಂಪನಿಯ ಷೇರು ಕಾಗದ ತಂದ ದಿನ ನೆನಪಿದೆಯೇ? ದೊಡ್ಡಬಳ್ಳಾಪುರದಿಂದ ನಿಮ್ಮೂರು ಮಧುರೆ ಮೇಲೆ ನೆಲಮಂಗಲಕ್ಕೆ ನಮ್ಮ ಬಸ್ಸು ಓಡಿಸುತ್ತಾ, ಹತ್ತು ಸಲವಾದರೂ ಜೇಬಿನಿಂದ ತೆಗೆದು ನೋಡಿದಿರಿ. "ಬರ್ಮಾದ ಎಣ್ಣೆ ಬಾವೀಲಿ ನಮ್ಗೂ ಒಂದು ಸರದಿ ಸಿಕ್ತು ಕಣೋ ಕೆಂಚಪ್ಪ," ಎಂದಿರಿ. ಅಣ್ಣತಮ್ಮಂದಿರು ಒಂದೇ ಬಾವಿಯ ನೀರನ್ನು ಸರದಿಯಲ್ಲಿ ಹಾಯಿಸಿಕೊಳ್ಳುವ ಮನೆತನ ನಿಮ್ಮದು. ಷೇರೆಂದರೆ ನಿಮಗೆ ಅಷ್ಟೇ. ಆಯುಧಪೂಜೆಯಲ್ಲಿ ಸ್ಪ್ಯಾನರುಗಳ ಪಕ್ಕ ಅದಕ್ಕೂ ಕುಂಕುಮ ಇಟ್ಟಿರಿ.

ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಕೂಪನ್ ಬಂತು. ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿಸಿ ಅದರ ಗ್ಯಾಸಿನಲ್ಲಿ ಓಡಿಸತೊಡಗಿದೆವು. ದಿಣ್ಣೆ ಸಿಕ್ಕಲ್ಲೆಲ್ಲ ಜನ ಇಳಿದು ನಮ್ಮನ್ನು ಬೈಯುತ್ತಾ ತಳ್ಳುತ್ತಿದ್ದರು. ಅಷ್ಟರಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಯಿತು, ಬಿಟ್ಟು ಓಡುವ ಮುಂಚೆ ಇಂಗ್ಲಿಷರೇ ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟರಂತೆ ಎಂಬ ಸುದ್ದಿಯೂ ಬಂತು. "ಎಣ್ಣೆ ಕಾಲ ಮುಗೀತು ಭಾವ, ಬಂದಷ್ಟಕ್ಕೆ ಮಾರ್ಬಿಡಿ," ಎಂದೆ. ನೀವು ಮುಖದ ಮಸಿ ಒರೆಸಿಕೊಂಡು ಹೇಳಿದಿರಿ: "ಮೇಲೆ ಸುಟ್ರೆ ಒಳಗಿರೋ ಎಣ್ಣೆ ಎಲ್ಲಿಗೋಗ್ತದೆ? ಯುದ್ಧ ಮುಗಿದ್ಮೇಲೆ ಇದ್ದಿಲು ಯಾವನು ಹೊರ್ತಾನೆ? ಜನ ಹೆದ್ರಿದ್ದಕ್ಕೆ ಇದು ಅಗ್ಗ ಆಗಿದೆ, ಕೆಟ್ಟೋಗಿದ್ದಕ್ಕಲ್ಲ." ನಾನು ನಕ್ಕೆ. ಆ ನಗು ಈಗ ನೆನೆದರೆ...

ಜ್ವರದಲ್ಲಿ ನೀವು ಹೋದ ಮೇಲೆ, ಮಧುರೆಯ ಹೊಲದ ಬದುವಿನಲ್ಲಿ ನಿಮ್ಮನ್ನು ಮಣ್ಣು ಮಾಡಿದೆವು. ಹೋದವರಿಗೆ ಪ್ರೀತಿಯಾದದ್ದನ್ನು ಜೊತೆಗೆ ಇಡುವುದು ನಮ್ಮ ಪದ್ಧತಿಯಲ್ಲವೇ? ನಿಮ್ಮ ಅಣ್ಣ ನಶ್ಯದ ಡಬ್ಬಿ ಇಟ್ಟರು. ಅಕ್ಕನಿಗೆ ಮೈಮೇಲೆ ಎಚ್ಚರವಿರಲಿಲ್ಲ. ನಾನು ಪೆಟ್ಟಿಗೆಯಿಂದ ಆ ಷೇರು ಕಾಗದ ತಂದು ನಿಮ್ಮ ಕೈಯ ಕೆಳಗೆ ಇಟ್ಟೆ. ಪ್ರೀತಿಯಿಂದ ಇಟ್ಟೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲೇ? ರದ್ದಿ ಎಂದುಕೊಂಡೇ ಇಟ್ಟೆ. ಬೆಲೆಯಿದೆ ಎಂದು ನಂಬಿದ್ದರೆ ಇಡುತ್ತಿದ್ದೆನೇ?

ಹೋದ ತಿಂಗಳು ಅಕ್ಕ ನನ್ನನ್ನು ಕರೆದು ಕೂರಿಸಿಕೊಂಡಳು. ಯುದ್ಧ ಮುಗಿದು, ಪೆಟ್ರೋಲ್ ಮತ್ತೆ ಸಿಗುತ್ತಿದೆ. ಇದ್ದಿಲ ಗ್ಯಾಸು ನಮ್ಮ ಎಂಜಿನ್ನನ್ನು ತಿಂದುಹಾಕಿದೆ, ಹೊಸದು ಕೂರಿಸದಿದ್ದರೆ ಬಸ್ಸು ಉಳಿಯುವುದಿಲ್ಲ. "ಅವ್ರ ಎಣ್ಣೆ ಕಂಪನಿ ಕಾಗದ ಪೆಟ್ಟಿಗೇಲಿದೆ, ತಗೊಂಡೋಗಿ ಮಾರ್ಕೊಂಡು ಬಾ," ಎಂದಳು. ಹೂಂ ಎಂದು ಬರಿಗೈಯಲ್ಲಿ ಚಿಕ್ಕಪೇಟೆಗೆ ಹೋದೆ. "ಈಗ ಅದನ್ನೇ ಹುಡುಕ್ಕೊಂಡು ಬರ್ತಾರೆ ಸ್ವಾಮಿ," ಎಂದ ದಲ್ಲಾಳಿ. ಕಾಗದ ಕಳೆದುಹೋಗಿದೆಯೆಂದು ಹೆಂಡತಿ ಬರೆದು ರುಜು ಹಾಕಿದರೆ ಕಂಪನಿಯವರು ಬೇರೆ ಪ್ರತಿ ಕೊಡುತ್ತಾರಂತೆ.

ಅಕ್ಕ ಅಕ್ಕಿ ಆರಿಸುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಮೊರ ಕೆಳಗಿಟ್ಟಳು.

"ಕಳೆದೋಗಿದೆ ಅಂತ ಹೆಂಗೆ ಬರೀಲಿ? ಕಳೆದೋಗಿಲ್ಲ. ಅವ್ರ ಹತ್ರ ಇದೆ. ಅವ್ರ ಜೊತೆ ಹಾಕಿದ್ದನ್ನ ವಾಪಸ್ ಕೇಳೋಕಾಗಲ್ಲ."

ನಾನು ಕಾಲು ಹಿಡಿದೆ, ಭಾವ. ರುಜು ಹಾಕಲಿಲ್ಲ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ತಟ್ಟೆ ಮುಂದಿಟ್ಟು ಹೋಗುತ್ತಾಳೆ.

ನಿನ್ನೆ ನಿಮ್ಮ ಬಸ್ಸನ್ನು ನೆಲಮಂಗಲದವರೊಬ್ಬರಿಗೆ ಕೊಟ್ಟೆವು. ಸೋಮವಾರದಿಂದ ಅಕ್ಕ ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಯಲ್ಲಿ ನೂಲು ಸುತ್ತಲು ಹೋಗುತ್ತಾಳೆ. ಕೊಂಡವರು ಇದ್ದಿಲ ಒಲೆಯನ್ನು ಬಿಚ್ಚಿ ನಮ್ಮ ಅಂಗಳದಲ್ಲೇ ಎಸೆದರು, ಡಬ್ಬದಲ್ಲಿ ತಂದಿದ್ದ ಪೆಟ್ರೋಲ್ ಸುರಿದರು. ಬಸ್ಸು ಕೆಮ್ಮುತ್ತಾ ಹೊರಟಿತು. ಅಕ್ಕ ಬಾಗಿಲಲ್ಲೇ ನಿಂತು ಗಾಳಿಯನ್ನು ಮೂಸಿದಳು. "ಅವ್ರ ಅಂಗಿ ವಾಸ್ನೆ," ಎಂದಳು. ನನಗೆ ಹೇಳಿದ್ದಲ್ಲ ಅದು.

ನಿಮ್ಮ ಕೆಂಚಪ್ಪ