ಧೂಪದ ಡಬ್ಬಿಯಲ್ಲಿ ಸೂರ್ಯಕಾಂತಿ ಬೀಜ

ಬೂ ಮುಸಾಯಿದ್, ನಮ್ಮ ಮುಸಾಯಿದನ ಅಪ್ಪಾ,

ನಿನ್ನೆ ನಿಮ್ಮಕ್ಕ ಹೊರಟು ನಿಂತಾಗ, ಅತಿಥಿಗೆ ಧೂಪ ಹಿಡಿದು ಕಳಿಸಬೇಕಲ್ಲ ಅಂತ, ಅವಸರದಲ್ಲಿ ನೋಡದೆ ಡಬ್ಬಿಯಿಂದ ಒಂದು ಹಿಡಿ ಧೂಪ ಕೆಂಡಕ್ಕೆ ಹಾಕಿದೆ. ಮನೆಯೆಲ್ಲ ಬೀಜ ಹುರಿದ ವಾಸನೆ! “ಏನೇ, ನಂಗೆ ಧೂಪ ಹಾಕ್ತಿದ್ದೀಯೋ, ಒಗ್ಗರಣೆ ಹಾಕ್ತಿದ್ದೀಯೋ?” ಅಂದರು. ನೆಲ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಕದ್ದು ತಿನ್ನೋ ಬೀಜ ಬಚ್ಚಿಡೋಕೆ ಬೇರೆ ಜಾಗ ಇರಲಿಲ್ವಾ?

ನಿಮ್ಮ ಹೊಟ್ಟೆ ಕಿರಿದು ಮಾಡುವ ಆಪರೇಷನ್‌ಗೆ ಇನ್ನು ಒಂಬತ್ತೇ ದಿನ. ಸದಾ ಬಾಯಾಡಿಸೋದು ಬಿಡದಿದ್ದರೆ ಮುಂದಕ್ಕೆ ಹಾಕ್ತೀನಿ ಅಂದದ್ದು ಡಾಕ್ಟರು, ನಾನಲ್ಲ.

ನಾನು ಮಗಳ ಮನೆಗೆ ಹೋಗಿದ್ದೇನೆ. ಫ್ರಿಜ್ಜಿನಲ್ಲಿ ಬೇಳೆ ಸೂಪು ಇದೆ, ಬಿಸಿ ಮಾಡಿಕೊಳ್ಳಿ. ಸಂಜೆ ದಿವಾನಿಯಾದ ಹರಟೆಕೂಟದಲ್ಲಿ ಗೆಳೆಯರು ಬೀಜದ ತಟ್ಟೆ ತಳ್ಳಿದರೆ, ಕಾಫಿ ಸಾಕೆಂದು ಬಟ್ಟಲು ಅಲ್ಲಾಡಿಸುತ್ತೀರಲ್ಲ, ಹಾಗೆ ಕೈ ಅಲ್ಲಾಡಿಸಿ. ಜಪಮಾಲೆ ನಿಮ್ಮ ಜೇಬಿಗೆ ಹಾಕಿದ್ದೇನೆ. ಬೆರಳಿಗೂ ಕೆಲಸ ಬೇಕಲ್ಲ.

ಇನ್ನೊಂದು. ಕೋಪದಲ್ಲಿ ಡಬ್ಬಿ ಸುರಿದು ನೋಡಿದೆ. ಉಳಿದ ಬೀಜಕ್ಕೆಲ್ಲ ಹುಳ ಹಿಡಿದಿತ್ತು. ಅಂದರೆ ಎಷ್ಟು ದಿನದಿಂದ ನೀವು ಮುಟ್ಟೇ ಇಲ್ಲ? ಹೇಳಬಾರದಿತ್ತಾ, ಪುಣ್ಯಾತ್ಮ!

ಡಬ್ಬಿ ತೊಳೆದು ಒಳ್ಳೆಯ ಧೂಪ ತುಂಬಿದ್ದೇನೆ. ನೀವು ಆಸ್ಪತ್ರೆಯಿಂದ ಬಂದ ದಿನ ಹಾಕುತ್ತೇನೆ. ನಿಮ್ಮಕ್ಕನನ್ನೂ ಕರೆದಿದ್ದೇನೆ, ಈ ಸಲ ಮೂಸಿ ನೋಡಲಿ.

ನಿಮ್ಮ ಹೆಂಡತಿ, ಉಮ್ಮ್ ಮುಸಾಯಿದ್